ರೈಲಿನ ಹಿಂದಿನ ಆಕಾಶ

ಬೆಳ್ತಂಗಡಿ ತಾಲೂಕಿಗೆ ರೈಲು ಬಂದದ್ದು ಅಳದಂಗಡಿಯ ಶೇಖರ ಶೆಟ್ರ ಮಾಳಿಗೆಗೆ ಮಾತ್ರ. ನೆಲದ ಮೇಲೆಯೂ ಬರುತ್ತದೆ ಎಂದು ಪ್ರತಿ ಚುನಾವಣೆಗೆ ಯಾರಾದರೊಬ್ಬರು ಮೈಕಿನಲ್ಲಿ ಹೇಳಿ ಹೋಗುವುದುಂಟು. ಪುಣೆಯಲ್ಲಿ ಹೋಟೆಲು ನಡೆಸುತ್ತಿದ್ದಷ್ಟು ಕಾಲ ಶೆಟ್ರು ಅದನ್ನು ನಂಬಿದ್ದರು. ಹೋಟೆಲನ್ನು ತಮ್ಮನ ಕೈಗೆ ಕೊಟ್ಟು ಊರಿಗೆ ಬಂದ ಮೇಲೆ ಅವರ ತಾಳ್ಮೆ ಮುಗಿಯಿತು, ತಾವೇ ಹಳಿ ಹಾಕಿಬಿಟ್ಟರು. ಬಂಟ್ವಾಳದಲ್ಲಿ ಹೊರಟು, ಬೆಳ್ತಂಗಡಿಗೆ ಬಂದು, ಅಳದಂಗಡಿಯ ಮೇಲಿಂದ ಮೂಡುಬಿದಿರೆ ಸೇರುವ ಹಳಿ. ಅಗಲ ಒಂದು ಬೆರಳಿನಷ್ಟು. ಎಂಜಿನ್ ಜರ್ಮನಿಯದ್ದು, ಬೋಗಿಗಳು ಎಲ್ಲೆಲ್ಲಿಯವೋ, ಸ್ಟೇಷನ್ನುಗಳನ್ನು ಮಾತ್ರ ಶೆಟ್ರೇ ಕೂತು ಥರ್ಮಾಕೋಲಿನಲ್ಲಿ ಕೊರೆದಿದ್ದರು. ಮೂಡುಬಿದಿರೆ ಸ್ಟೇಷನ್ನಿನ ಹಂಚಿನ ಮಾಡಿಗೆ ಎಷ್ಟು ಕಾಲ ಹಿಡಿಯಿತೆಂದರೆ, ಅಷ್ಟರಲ್ಲಿ ಸರಕಾರದವರು ಕೂಡ ಒಂದು ಸರ್ವೆ ಮುಗಿಸಬಹುದಿತ್ತು ಎಂದು ಅವರ ಹೆಂಡತಿ ಶಶಿಪ್ರಭಕ್ಕ ಬಂದವರಿಗೆಲ್ಲ ಹೇಳುತ್ತಿದ್ದರು.

ಎಲ್ಲ ಆಗಿಯೂ ಒಂದು ಕೊರತೆ ಉಳಿಯಿತು. ರೈಲು ಓಡುವ ಹಲಗೆಯ ಹಿಂದೆ ಬರೀ ಸುಣ್ಣದ ಗೋಡೆ. ಜರ್ಮನಿಯ ಎಂಜಿನ್ನು ಬಂಟ್ವಾಳ ಬಿಟ್ಟು ಹೊರಟರೆ ಸ್ವಿಚ್ ಬೋರ್ಡಿನ ಕೆಳಗೆ ಹಾದು, ಕ್ಯಾಲೆಂಡರಿನ ಎದುರಿನಿಂದ ಮೂಡುಬಿದಿರೆಗೆ ಹೋಗುತ್ತಿತ್ತು. ಇದಕ್ಕೆ ಶೆಟ್ರು ಕೋಣೆಯ ಮೂರು ಬದಿಗೂ ಪ್ಲೈವುಡ್ ನಿಲ್ಲಿಸಿದರು. ಅದರ ಮೇಲೆ ಊರು ಬರಬೇಕು: ನದಿ, ಗುಡ್ಡ, ಗದ್ದೆ, ಎಲ್ಲಕ್ಕಿಂತ ಹೆಚ್ಚಾಗಿ, ತಾಲೂಕಿನಲ್ಲಿ ಎಲ್ಲಿ ನಿಂತರೂ ಕಾಣುವ ಬಂಡೆಬೆಟ್ಟ ಗಡಾಯಿಕಲ್ಲು. ಬರೆಯುವವರು ಯಾರು ಎಂಬುದು ಅವರ ತಲೆಯಲ್ಲಿ ಚಿಕ್ಕಂದಿನಿಂದಲೇ ನಿಶ್ಚಯವಾಗಿತ್ತು. ಅವರ ಅಜ್ಜನ ಮನೆಯ ಅಂಗಳದಲ್ಲಿ ಒಮ್ಮೆ ನಾಟಕವಾದಾಗ ಒಂದು ರಸ್ತೆ ಪರದೆ ಇಳಿಸಿದ್ದರು. ಕೆಂಪು ಮಣ್ಣಿನ ರಸ್ತೆ, ಅದರ ತುದಿಯಲ್ಲಿ ಗಡಾಯಿಕಲ್ಲು. ಹುಡುಗ ಶೇಖರ ಆ ರಸ್ತೆಯಲ್ಲಿ ನಡೆದು ಹೋಗುವ ಎಂದು ಎದ್ದು ಹೋಗಿ ಪರದೆಗೆ ಮೂಗು ಗುದ್ದಿಕೊಂಡಿದ್ದ. ಆ ಪರದೆಯ ಮೂಲೆಯಲ್ಲಿ ಬರೆದಿದ್ದ ಹೆಸರು ಅವರಿಗೆ ಇನ್ನೂ ನೆನಪಿತ್ತು: ಹುಕ್ರಪ್ಪ, ಶಿರ್ತಾಡಿ.

ಅವರಿವರಲ್ಲಿ ವಿಚಾರಿಸಿದಾಗ ಸಿಕ್ಕಿದ್ದು ಹುಕ್ರಪ್ಪನವರ ನಂಬರಲ್ಲ, ಅವರ ಶಿಷ್ಯ ಇಮ್ತಿಯಾಝ್‌ನದು. ಇಮ್ತಿಯಾಝ್ ಬಿ.ಸಿ. ರೋಡಿನ ಹತ್ತಿರದ ನರಿಕೊಂಬಿನವನು. ಹುಕ್ರಪ್ಪನವರ ಹತ್ತಿರ ಕುಂಚ ಹಿಡಿಯಲು ಕಲಿತು, ನಾಟಕದ ಪರದೆಗಳ ಕಾಲ ಮುಗಿಯುವವರೆಗೂ ಅವರ ಜತೆಯಲ್ಲೇ ಇದ್ದವನು. ಆಮೇಲೆ ಅಂಗಡಿಗಳ ಬೋರ್ಡು ಬರೆದ. ಫ್ಲೆಕ್ಸ್ ಬಂದು ಅದೂ ಹೋದ ಮೇಲೆ ಅವನ ಪಾಲಿಗೆ ಉಳಿದದ್ದು ಅಂಗನವಾಡಿಯ ಗೋಡೆಯ ಮೊಲ ಮತ್ತು ಆನೆ. ಅವತ್ತು ಶೆಟ್ರ ಫೋನು ಬರುವಾಗಲೂ ಅವನು ಆನೆಯ ಸೊಂಡಿಲಿನಲ್ಲಿದ್ದ.

"ಹುಕ್ರಪ್ಪನವರು ನಿಮ್ಮ ಗುರುಗಳಂತೆ. ಅವರು ಈಗ ಸಿಗ್ತಾರಾ? ನನಗೊಂದು ದೊಡ್ಡ ಸೀನರಿ ಆಗ್ಬೇಕು. ಅವರ ಕೈಯದ್ದೇ ಆಗ್ಬೇಕು," ಎಂದರು ಶೆಟ್ರು.

ಇಮ್ತಿಯಾಝ್ ಈ ಮಾತನ್ನು ಬದುಕಿಡೀ ಕೇಳಿದ್ದ. ಕೊನೆಯ ಹತ್ತು ವರ್ಷ ಪರದೆಯ ಆಕಾಶದಿಂದ ಹಿಡಿದು ಅರಮನೆಯ ಕಂಬದವರೆಗೆ ಅವನೇ ಬರೆಯುತ್ತಿದ್ದ. ಹುಕ್ರಪ್ಪನವರು ಹಿಂದೆ ಸ್ಟೂಲಿನಲ್ಲಿ ಕೂತು, ನೀಲಿ ಸಾಲದು, ಹಸಿರು ಸತ್ತಿತು ಎಂದು ಬೈಯುತ್ತಿದ್ದರು. ಕೊನೆಗೆ ಮೂಲೆಯಲ್ಲಿ ಹೆಸರು ಹುಕ್ರಪ್ಪ, ಶಿರ್ತಾಡಿ. ನೋಡಿದವರೆಲ್ಲ, ಇದು ಹುಕ್ರಪ್ಪನ ಕೈ, ನೋಡಿದ ಕೂಡಲೇ ಗೊತ್ತಾಗ್ತದೆ ಎನ್ನುತ್ತಿದ್ದರು. ಅವನು ಬಕೆಟು ತೊಳೆಯುತ್ತ ಕೇಳುತ್ತಿದ್ದ. ಬೇಸರವಿತ್ತೇ ಎಂದರೆ ಇಲ್ಲ ಎಂದೇ ಅವನು ಹೇಳಿಯಾನು. ಆದರೆ ಮನಸ್ಸಿನಲ್ಲಿ ಏನು ಎಲ್ಲಿ ಕೂತಿರುತ್ತದೆ ಎಂದು ಅದು ಬಾಯಿಗೆ ಬರುವವರೆಗೆ ಯಾರಿಗೂ ತಿಳಿಯುವುದಿಲ್ಲ.

"ಅವರು ತೀರಿಹೋಗಿ ಎರಡು ವರ್ಷ ಆಯ್ತು ಶೆಟ್ರೇ," ಎಂದ ಇಮ್ತಿಯಾಝ್.

ಹೇಳಿದ ಮೇಲೆ ಅವನೇ ಬೆಚ್ಚಿದ. ಹುಕ್ರಪ್ಪನವರು ಶಿರ್ತಾಡಿಯಲ್ಲಿ ಮಗಳ ಮನೆಯಲ್ಲಿ ಗಟ್ಟಿಯಾಗಿಯೇ ಇದ್ದರು. ಮೊನ್ನೆಯಷ್ಟೇ ಕಣ್ಣಿನ ಪೊರೆಯ ಆಪರೇಶನ್ ಆಗಿತ್ತು. ಈಗಲೇ ತಿದ್ದಿ ಹೇಳಿದರೆ ನಕ್ಕು ಮುಗಿಸಬಹುದಿತ್ತು. ಆದರೆ ಆ ಕಡೆಯಿಂದ ಶೆಟ್ರು ಒಂದು ಉಸಿರು ಬಿಟ್ಟು, "ಹಾಗಾದ್ರೆ ಅವರ ಕೈ ಇಳಿದು ಬಂದದ್ದು ನಿಮಗೇ ಅಲ್ವಾ? ನೀವೇ ಬನ್ನಿ," ಎಂದರು. ಆ ಒಂದು ಮಾತಿಗೆ ಇಮ್ತಿಯಾಝ್ ಸೋತುಹೋದ. ಬರ್ತೇನೆ ಎಂದುಬಿಟ್ಟ.

ಕೆಲಸ ಶುರುವಾಯಿತು. ದಿನವೂ ಬಿ.ಸಿ. ರೋಡಿನಿಂದ ಬಸ್ಸು ಹತ್ತಿ ಅಳದಂಗಡಿಗೆ ಹೋಗುವುದು, ಶೆಟ್ರ ಮಾಳಿಗೆ ಏರುವುದು, ಕತ್ತಲಾಗುವ ಮೊದಲು ಹಿಂದಿರುಗುವುದು. ಗೋಡೆ ನೋಡಿದ ಕೂಡಲೇ ಅವನ ಕೈ ತುರಿಸಿತ್ತು. ಇಷ್ಟು ದೊಡ್ಡ ಆಕಾಶ ಸಿಗದೆ ಎಷ್ಟು ಕಾಲವಾಗಿತ್ತು! ಎಡಗಡೆ ನೇತ್ರಾವತಿ, ಅದನ್ನು ದಾಟುವ ಪಾಣೆಮಂಗಳೂರಿನ ಹಳೇ ಸಂಕ. ನಡುವಿನ ಗೋಡೆಗೆ ಗಡಾಯಿಕಲ್ಲು, ಅದರ ಹಿಂದೆ ಕುದುರೆಮುಖದ ಸಾಲು. ಬಲಗಡೆ ಮೂಡುಬಿದಿರೆಯ ಕೆಂಪು ಕಲ್ಲಿನ ಪಾರೆ, ದೂರದಲ್ಲಿ ಬಸದಿಯ ಮಾಡು. ಗುಡ್ಡದ ಹಿಂದಿನ ಆಕಾಶಕ್ಕೆ ಅವನು ಚಿಟಿಕೆ ಕಾವಿ ಬೆರೆಸಿದ. ಅದು ಹುಕ್ರಪ್ಪನವರು ಹೇಳಿಕೊಟ್ಟದ್ದು. ಬರೀ ನೀಲಿ ಹಾಕಿದರೆ ಗುಡ್ಡ ಆಕಾಶಕ್ಕೆ ಅಂಟಿಕೊಂಡ ಹಾಗೆ ಕಾಣುತ್ತದೆ, ಚಿಟಿಕೆ ಕಾವಿ ಬಿದ್ದರೆ ಗುಡ್ಡದ ಆಚೆಗೂ ಊರುಂಟು ಅನ್ನಿಸುತ್ತದೆ.

ಮಧ್ಯಾಹ್ನ ಶೆಟ್ರು ತಾವೇ ಚಾ ತಂದುಕೊಟ್ಟು ಎದುರು ಕೂರುತ್ತಿದ್ದರು. ಮಾತು ಎಲ್ಲಿಂದ ಹೊರಟರೂ ಹುಕ್ರಪ್ಪನವರಿಗೇ ಬಂದು ನಿಲ್ಲುತ್ತಿತ್ತು.

"ಕೊನೆಗೆ ತುಂಬ ಕಷ್ಟ ಪಟ್ರಾ ಅವರು?"

"ಇಲ್ಲ ಶೆಟ್ರೇ."

"ನೀವು ಹತ್ತಿರ ಇದ್ರಾ?"

"ಇದ್ದೆ. ನನ್ನ ಕೈಯಿಂದಲೇ ನೀರು ಕುಡಿದ್ರು."

ಇದನ್ನು ಯಾಕೆ ಹೇಳಿದೆ ಎಂದು ಅವನಿಗೆ ಅವತ್ತೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ. ಒಬ್ಬ ಮನುಷ್ಯನನ್ನು ಸಾಯಿಸಿದ ಮೇಲೆ ಸಾವೊಂದನ್ನು ಚಂದ ಮಾಡಿ ಕೊಡಬೇಕು ಅಂತ ಅನ್ನಿಸಿತೋ ಏನೋ. ಶೆಟ್ರ ಕಣ್ಣಿನಲ್ಲಿ ನೀರು ಬಂತು. ಇಮ್ತಿಯಾಝ್ ಚಾದ ಲೋಟ ಕೆಳಗಿಟ್ಟ.

ಅದೇ ಹೊತ್ತಿಗೆ ಹಲಗೆಯ ಮೇಲೆ ಬೆಳ್ತಂಗಡಿ ಸ್ಟೇಷನ್ನಿನ ಪಕ್ಕದಲ್ಲಿಟ್ಟಿದ್ದ ಅವನ ಮೊಬೈಲು ಹೊಡೆದುಕೊಂಡಿತು. ಮೇಲೆ ಹೆಸರು ಬೆಳಗುತ್ತಿತ್ತು, ಹುಕ್ರಪ್ಪಣ್ಣ ಶಿರ್ತಾಡಿ. ಶೆಟ್ರ ಕನ್ನಡಕ ಹಣೆಯ ಮೇಲಿದ್ದದ್ದು ಅವನ ಪುಣ್ಯ. ಅವನು ಹಾರಿ ಮೊಬೈಲು ಎತ್ತಿಕೊಂಡ, ಆ ಗಡಿಬಿಡಿಯಲ್ಲಿ ಬಂಟ್ವಾಳ ಪ್ಯಾಸೆಂಜರಿನ ಒಂದು ಬೋಗಿ ಮಗುಚಿತು. ಸಂಜೆ ಬಸ್ಸಿನಲ್ಲಿ ಕೂತು ಆ ಹೆಸರನ್ನು ಅಳಿಸಿ 'ಪೈಂಟ್ ಅಂಗಡಿ' ಎಂದು ಹಾಕಿದ. ಬಾಯಿ ತಪ್ಪಿ ಆಡಿದ ಮಾತಿಗೆ ಕ್ಷಮೆ ಉಂಟು ಎಂದು ಅಲ್ಲಿಯವರೆಗೆ ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಇದು ಬಾಯಿ ತಪ್ಪಿದ್ದಲ್ಲ. ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ ಮಾಡಿದ್ದು. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಮನೆಯಲ್ಲಿ ಹೆಂಡತಿ ಸಾಲಿಹಾಳಿಗೆ ಗೊತ್ತಾಗಲು ತಡವಾಗಲಿಲ್ಲ. 'ಪೈಂಟ್ ಅಂಗಡಿ' ಫೋನು ಮಾಡಿ, ಆ ಕಡೆಯಿಂದ ಹುಕ್ರಪ್ಪನವರ ಸ್ವರ ಕೇಳಿದರೆ ಯಾರಿಗಾದರೂ ಸಂಶಯ ಬಂದೀತು. ಅವನು ಎಲ್ಲವನ್ನೂ ಹೇಳಿದ.

"ನಮ್ಮ ಮದುವೆಯ ಚಪ್ಪರಕ್ಕೆ ಹೆಸರು ಬರೆದುಕೊಟ್ಟದ್ದು ಅವರು," ಎಂದಳು ಸಾಲಿಹಾ. "ಅವರನ್ನು ನೀವು ಮಣ್ಣಿಗೆ ಹಾಕಿ ಬಂದ್ರಾ?"

"ರೈಲು ಒಂದು ಸಲ ಓಡ್ಲಿ. ಆಮೇಲೆ ಶೆಟ್ರಿಗೆ ಹೇಳ್ತೇನೆ."

"ಯಾರಿಗೆ ಮೊದಲು ಹೇಳ್ಬೇಕು ಅಂತ ಕೂಡ ನಿಮಗೆ ಗೊತ್ತಿಲ್ಲ," ಎಂದು ಅವಳು ಒಳಗೆ ಹೋದಳು.

ಅಷ್ಟರಲ್ಲಿ ಗೋಡೆಯಲ್ಲಿ ಒಂದು ಎಡವಟ್ಟು ಕಾಣಿಸಿತು. ಶೆಟ್ರಿಗೆ ಅಜ್ಜನ ಮನೆಯ ಪರದೆಯ ರಸ್ತೆಯೇ ಬೇಕಿತ್ತಲ್ಲ, ಇಮ್ತಿಯಾಝ್ ಅದನ್ನು ಗಡಾಯಿಕಲ್ಲಿನ ಬುಡದವರೆಗೆ ಎಳೆದಿದ್ದ. ಕುರ್ಚಿ ಹಾಕಿ ಎದುರು ಕೂತರೆ ಎದ್ದು ನಡೆಯಬೇಕು ಅನ್ನಿಸುವಂಥ ರಸ್ತೆ. ಆದರೆ ಶೆಟ್ರು ಕುರ್ಚಿಯಲ್ಲಿ ಕೂರುವವರಲ್ಲ. ರೈಲು ಬಿಟ್ಟ ಮೇಲೆ ಅದರ ಜತೆಗೇ ಹಲಗೆಯ ಉದ್ದಕ್ಕೂ ನಡೆಯುವವರು.

"ನಾನು ಬಂಟ್ವಾಳದಿಂದ ನೋಡಿದ್ರೂ ರಸ್ತೆ ನನ್ನನ್ನೇ ನೋಡ್ತದೆ, ಮೂಡುಬಿದಿರೆಯಿಂದ ನೋಡಿದ್ರೂ ನನ್ನನ್ನೇ ನೋಡ್ತದೆ," ಎಂದರು ಅವರು. "ಬೆನ್ನು ಹತ್ತಿದ ಹಾಗೆ ಆಗ್ತದೆ ಮಾರಾಯ್ರೆ. ಗುರುಗಳಿದ್ದಿದ್ರೆ ಕೇಳಬಹುದಿತ್ತು."

ಎರಡು ಸಲ ಅಳಿಸಿ ಬರೆದರೂ ಸರಿಯಾಗಲಿಲ್ಲ. ಮೂರನೆಯ ದಿನ ಅವನು ಅಳದಂಗಡಿಗೆ ಹೋಗದೆ ಶಿರ್ತಾಡಿಯ ಬಸ್ಸು ಹತ್ತಿದ. ಸಾಯಿಸಿದವರ ಹತ್ತಿರವೇ ಸಲಹೆ ಕೇಳಲು ಹೋಗುವ ಗತಿ ಯಾವ ಶತ್ರುವಿಗೂ ಬೇಡ ಎಂದುಕೊಂಡ. ಆದರೂ ಹೋದ.

ಹುಕ್ರಪ್ಪನವರು ಜಗಲಿಯಲ್ಲಿ ಕಪ್ಪು ಕನ್ನಡಕ ಹಾಕಿ ಕೂತಿದ್ದರು. ಅವನನ್ನು ಗೇಟಿನಲ್ಲೇ ಗುರುತಿಸಿದರು. "ಇಮ್ತಿ! ನಿನ್ನ ತಲೆ ಇಷ್ಟು ನರೆತದ್ದು ಯಾವಾಗ ಮಾರಾಯ? ನನಗೆ ಕಾಣ್ತಾನೇ ಇರ್ಲಿಲ್ಲ," ಎಂದು ನಕ್ಕರು. ಮಗಳನ್ನು ಕರೆದು ಚಾ ಮಾಡಲು ಹೇಳಿದರು. ಆಮೇಲೆ ಸ್ವರ ತಗ್ಗಿಸಿ, ಹೇಳಲೋ ಬೇಡವೋ ಎಂಬಂತೆ ಶುರು ಮಾಡಿದರು.

"ನಿನಗೆ ಒಂದು ಹೇಳ್ಬೇಕು ಅಂತಲೇ ಫೋನು ಮಾಡ್ತಾ ಇದ್ದೆ. ಪೊರೆ ತೆಗೆದ ಮೇಲೆ ಗೊತ್ತಾಯ್ತು, ಇಷ್ಟು ವರ್ಷ ನನ್ನ ಕಣ್ಣಿನಲ್ಲೇ ಹಳದಿ ಇತ್ತು. ನೀನು ಸರಿಯಾದ ನೀಲಿಯನ್ನೇ ಹಾಕ್ತಾ ಇದ್ದೆ. ನಾನು ಸುಮ್ಮನೆ ಬೈದೆ. ತಪ್ಪಾಯ್ತು ಮಾರಾಯ."

ಇಮ್ತಿಯಾಝ್‌ಗೆ ನೆಲ ಬಿರಿದು ಒಳಗೆ ಎಳೆದುಕೊಳ್ಳಬಾರದೇ ಅನ್ನಿಸಿತು. ಗುರುವು ಶಿಷ್ಯನ ಹತ್ತಿರ ತಪ್ಪಾಯಿತು ಎನ್ನುವುದು, ಅದನ್ನು ಈ ಶಿಷ್ಯ ಕೂತು ಕೇಳುವುದು! ಈಗ ಹೇಳಬೇಕು, ಈಗಲೇ, ಎಂದು ಬಾಯಿ ತೆರೆದ. ಬಂದದ್ದು ಬೇರೆ.

"ಅಳದಂಗಡಿಯಲ್ಲಿ ಒಬ್ರು ಶೆಟ್ರು ರೈಲು ಮಾಡಿದ್ದಾರೆ ಹುಕ್ರಪ್ಪಣ್ಣ. ಆಟದ್ದು. ಅದರ ಹಿಂದೆ ಗೋಡೆ ಬರೀತಾ ಇದ್ದೇನೆ. ಅವರ ಅಜ್ಜನ ಮನೆಯಲ್ಲಿ ನೀವು ಬರೆದ ಪರದೆಯ ರಸ್ತೆಯೇ ಬೇಕಂತೆ, ಅದು ಸರಿ ಆಗ್ತಾ ಇಲ್ಲ."

ಹುಕ್ರಪ್ಪನವರು ಎಲ್ಲ ಕೇಳಿಸಿಕೊಂಡರು. ಕೂತಲ್ಲಿಂದಲೇ ಗಾಳಿಯಲ್ಲಿ ಕೈಯಾಡಿಸಿ ಗೋಡೆ ಅಳೆದರು. "ನಾಟಕ ನೋಡುವವನು ಕೂತಲ್ಲೇ ಕೂತು ನೋಡ್ತಾನೆ. ಅವನಿಗೆ ರಸ್ತೆಯ ತುದಿ ತೋರಿಸಬಹುದು. ರೈಲು ನೋಡುವವನು ರೈಲಿನ ಸಂಗಡ ನಡೀತಾನೆ, ಅವನಿಗೆ ತುದಿ ತೋರಿಸ್ಬೇಡ. ರಸ್ತೆಯನ್ನು ಅಡ್ಡಕ್ಕೆ ಮಲಗಿಸಿ ಒಂದು ಗುಡ್ಡದ ಹಿಂದೆ ಹಾಕು. ಎಲ್ಲಿಗೆ ಹೋಯ್ತು ಅಂತ ಅವನೇ ನೆನೆಸ್ಲಿ. ಹಳೇ ರಸ್ತೆ ಇದ್ದಲ್ಲಿ ಪೊದೆ ಬರೆ."

ಪೊದೆ ಹುಕ್ರಪ್ಪನವರ ಹಳೇ ಮದ್ದು. ಪರದೆಯಲ್ಲಿ ಎಲ್ಲಿ ತಪ್ಪಿದರೂ ಅಲ್ಲೊಂದು ಪೊದೆ ಬರೆಯುವುದು. ಪೊದೆ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯ ಪರದೆ ಎಂದು ಅವರೇ ತಮಾಷೆ ಮಾಡುತ್ತಿದ್ದರು.

"ರೈಲು ಯಾವಾಗ ಓಡುವುದು?" ಎಂದು ಕೇಳಿದರು.

"ಬರುವ ಆದಿತ್ಯವಾರ," ಎಂದ ಇಮ್ತಿಯಾಝ್. ನಾಲಗೆ ಕಚ್ಚಿಕೊಳ್ಳುವಷ್ಟರಲ್ಲಿ ಮಾತು ಹೋಗಿಯಾಗಿತ್ತು.

"ನನ್ನನ್ನೂ ಕರ್ಕೊಂಡು ಹೋಗು. ಹೊಸ ಕಣ್ಣಿನಲ್ಲಿ ನಾನು ಇನ್ನೂ ಒಂದು ಸೀನರಿ ನೋಡ್ಲಿಲ್ಲ."

"ಮಾಳಿಗೆ ಹತ್ತಬೇಕು ಹುಕ್ರಪ್ಪಣ್ಣ. ಮೆಟ್ಟಿಲು ತುಂಬ ಕಡಿದು. ಡಾಕ್ಟ್ರು ಬೇಡ ಅಂದಿರ್ಬೇಕಲ್ಲ. ಇನ್ನೊಂದು ಸಲ ಹೋಗುವ."

ಹುಕ್ರಪ್ಪನವರು ಅವನ ಮುಖ ನೋಡಿದರು. "ಹಾಗೇ ಆಗ್ಲಿ," ಎಂದರು.

ಅಡ್ಡಕ್ಕೆ ಮಲಗಿದ ರಸ್ತೆ ಗೋಡೆಯನ್ನು ಉಳಿಸಿತು. ಶೆಟ್ರು ಈ ತುದಿಯಿಂದ ಆ ತುದಿಗೆ ನಾಲ್ಕಾರು ಸಲ ನಡೆದು ನೋಡಿದರು. ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. "ಇದು ಗುರುಗಳು ಕಲಿಸಿದ್ದೇ ಅಲ್ವಾ?" ಎಂದರು. ಹೌದು ಎಂದ ಇಮ್ತಿಯಾಝ್. ಎಷ್ಟೋ ದಿನಗಳಿಂದ ಆ ಮಾಳಿಗೆಯಲ್ಲಿ ಅವನು ಆಡಿದ ನಿಜ ಅದೊಂದೇ.

ಶನಿವಾರ ಕೊನೆಯ ಕೆಲಸ. ಹಳೆಯ ಪರದೆಯ ಹಾಗೆ ಮೂಲೆಯಲ್ಲಿ ಹೆಸರು ಬೇಕು, ಮೇಲೆ ಅವರದು, ಕೆಳಗೆ ನಿಮ್ಮದು ಎಂದು ಶೆಟ್ರು ಹೇಳಿದ್ದರು. ಮೂಡುಬಿದಿರೆ ಸ್ಟೇಷನ್ನಿನ ಪಕ್ಕದಲ್ಲಿ, ಹಳಿಯ ಮಟ್ಟದಲ್ಲಿ, ಅವನು ಕೂತು ಬರೆದ: ಹುಕ್ರಪ್ಪ, ಶಿರ್ತಾಡಿ. ಶೆಟ್ರು ಬಗ್ಗಿ ನೋಡಿದರು.

"ಎದುರು 'ದಿ.' ಹಾಕ್ಲಿಲ್ವಲ್ಲ? ಬದುಕಿದ್ದವರ ಹಾಗೆ ಆಯ್ತು."

ಕುಂಚದಲ್ಲಿ ಬಣ್ಣ ಇತ್ತು, ಹೆಸರಿನ ಎಡಕ್ಕೆ ಜಾಗವೂ ಇತ್ತು. ಹುಕ್ರಪ್ಪನವರು ತಿದ್ದಿ ತಿದ್ದಿ ಕಲಿಸಿದ್ದ ದುಂಡಗಿನ ಅಕ್ಷರದಲ್ಲಿ ಅವನು 'ದಿ.' ಬರೆದ. ಕೆಳಗೆ, ಬದುಕಿನಲ್ಲಿ ಮೊದಲ ಸಲ ಒಂದು ಸೀನರಿಯ ಮೂಲೆಯಲ್ಲಿ, ತನ್ನ ಹೆಸರು ಬರೆದ. ಇಷ್ಟು ವರ್ಷ ಇದೊಂದು ಬೇಕು ಎಂದು ಒಳಗೊಳಗೇ ಆಸೆಪಟ್ಟದ್ದು. ಬರೆದು ಮುಗಿದ ಮೇಲೆ ಅದರ ಕಡೆ ನೋಡಲಿಕ್ಕೆ ಅವನಿಂದಾಗಲಿಲ್ಲ.

ಅವನು ಕುಂಚ ತೊಳೆಯುತ್ತಿದ್ದಾಗ ಶಶಿಪ್ರಭಕ್ಕ ಬಂದು ಕೇಳಿದರು, "ಹುಕ್ರಪ್ಪನವರಿಗೆ ಊಟಕ್ಕೆ ಏನು ಇಷ್ಟ ಇತ್ತು?" ನಾಳೆ ರೈಲು ಓಡಿಸುವ ಮೊದಲು ಅವರ ಹೆಸರಿನ ಕೆಳಗೆ ಒಂದು ಎಲೆ ಬಡಿಸಬೇಕು ಎಂದು ಶೆಟ್ರು ಹೇಳಿದ್ದಾರಂತೆ. ಈ ಕಡೆಯ ಮನೆಗಳಲ್ಲಿ ಒಳ್ಳೆಯ ದಿನ ಬಂದಾಗ ಹೋದ ಹಿರಿಯರಿಗೆ ಅವರ ಇಷ್ಟದ್ದನ್ನು ಮಾಡಿ ಬಡಿಸುವುದುಂಟು. ಸ್ವಲ್ಪ ಹೊತ್ತು ಬಿಟ್ಟು ಆ ಎಲೆಯಲ್ಲಿ ಹತ್ತಿರದವರು ಯಾರಾದರೂ ಊಟ ಮಾಡುತ್ತಾರೆ.

"ಬಂಗುಡೆ ಪುಳಿಮುಂಚಿ," ಎಂದ ಇಮ್ತಿಯಾಝ್. "ಮತ್ತೆ ನೀರುದೋಸೆ." ಇಷ್ಟ ಇತ್ತು ಎನ್ನಲೂ ಆಗದೆ ಇಷ್ಟ ಉಂಟು ಎನ್ನಲೂ ಆಗದೆ ಮಾತನ್ನು ಅಲ್ಲಿಗೇ ಬಿಟ್ಟ.

ಆದಿತ್ಯವಾರ ಮಾಳಿಗೆಯಲ್ಲಿ ನೆರೆಕರೆಯ ಜನ ತುಂಬಿತ್ತು. ಮೂಲೆಯಲ್ಲಿ ಹೆಸರಿನ ನೇರ ಕೆಳಗೆ ನೆಲದ ಮೇಲೆ ಬಾಳೆಎಲೆ, ಪಕ್ಕದಲ್ಲಿ ಕಾಲುದೀಪ. ಎಲೆಯಲ್ಲಿ ನೀರುದೋಸೆ, ಹುಳಿಖಾರದ ಬಂಗುಡೆ ಮೀನು. ಇಮ್ತಿಯಾಝ್ ಅದಕ್ಕೆ ಬೆನ್ನು ಹಾಕಿ ಮೆಟ್ಟಿಲಿನ ಕಡೆ ನಿಂತಿದ್ದ. ಆದ್ದರಿಂದ ಮೇಲೆ ಬರುತ್ತಿದ್ದವರನ್ನು ಮೊದಲು ನೋಡಿದ್ದು ಅವನೇ. ಒಗೆದ ಬಿಳಿ ಪಂಚೆ, ಎಂದೋ ಸನ್ಮಾನದಲ್ಲಿ ಹೊದೆಸಿದ್ದ ಶಾಲು, ಕಪ್ಪು ಕನ್ನಡಕ. ಹುಕ್ರಪ್ಪನವರು ಗೋಡೆ ಹಿಡಿದುಕೊಂಡು ನಿಧಾನವಾಗಿ ಮೆಟ್ಟಿಲು ಹತ್ತುತ್ತಿದ್ದರು.

"ಅಷ್ಟೇನೂ ಕಡಿದು ಇಲ್ಲ," ಎಂದರು ಅವನಿಗೆ. "ನಾರಾವಿಯಲ್ಲಿ ಬಸ್ಸು ಬದಲಿಸಿ ಬಂದೆ. ರೈಲಿನ ಶೆಟ್ರು ಅಂದ್ರೆ ಮಕ್ಕಳಿಗೂ ಗೊತ್ತುಂಟು."

ಶೆಟ್ರು ನಗುತ್ತ ಹತ್ತಿರ ಬಂದರು. "ಇವರು ಯಾರು ಗೊತ್ತಾಗ್ಲಿಲ್ಲ?"

ಹುಕ್ರಪ್ಪನವರು ಬಾಯಿ ತೆರೆಯುವ ಮೊದಲೇ ಇಮ್ತಿಯಾಝ್ ಹೇಳಿಬಿಟ್ಟ, "ಹುಕ್ರಪ್ಪಣ್ಣನ ತಮ್ಮ. ಶಿರ್ತಾಡಿಯಿಂದ ಬಂದದ್ದು."

ಶೆಟ್ರು ಅವರ ಎರಡೂ ಕೈ ಹಿಡಿದುಕೊಂಡರು. "ನೀವು ಬಂದದ್ದು ತುಂಬ ಒಳ್ಳೆಯದಾಯ್ತು. ನಿಮ್ಮ ಅಣ್ಣ ಹೋಗಿ ಎರಡು ವರ್ಷ ಆಯ್ತಂತಲ್ಲ, ನನಗೆ ಗೊತ್ತಾಗುವಾಗ ತಡ ಆಯ್ತು. ಕೊನೆಗೆ ಇಮ್ತಿಯಾಝ್ ಕೈಯಿಂದಲೇ ನೀರು ಕುಡಿದ್ರಂತೆ. ಪುಣ್ಯವಂತರು."

ಹುಕ್ರಪ್ಪನವರು ಕನ್ನಡಕ ತೆಗೆದರು. ಇಮ್ತಿಯಾಝ್‌ನ ಮುಖವನ್ನೇ ನೋಡಿದರು. ಅದರಲ್ಲಿ ಸಿಟ್ಟಿರಲಿಲ್ಲ. ಗೆರೆ ಸೊಟ್ಟಗಾದರೆ ಅದು ಎಲ್ಲಿಂದ ಸೊಟ್ಟಗಾಯಿತು ಎಂದು ಹುಡುಕುವಾಗ ಅವರು ಪರದೆಯನ್ನು ಹೀಗೆಯೇ ನೋಡುತ್ತಿದ್ದರು.

"ಹೌದು ಶೆಟ್ರೇ," ಎಂದರು ಕೊನೆಗೆ. "ಅವನಿಗೆ ಬಾಯಾರಿಕೆ ಸ್ವಲ್ಪ ಜಾಸ್ತಿ."

ರೈಲು ಹೊರಟಿತು. ಜನ ಹೋ ಎಂದರು. ಹುಕ್ರಪ್ಪನವರು ರೈಲಿನ ಜತೆಗೇ ನಡೆದರು, ಆದರೆ ಅವರ ಕಣ್ಣು ರೈಲಿನ ಮೇಲಿರಲಿಲ್ಲ. ನೇತ್ರಾವತಿಯ ಎದುರು ನಿಂತರು. ಗಡಾಯಿಕಲ್ಲಿನ ಎದುರು ಇನ್ನೂ ಸ್ವಲ್ಪ ಹೊತ್ತು ನಿಂತರು. ಗುಡ್ಡದ ಹಿಂದೆ ಕಾವಿ ಬಿದ್ದಲ್ಲಿ ತಮಗೆ ತಿಳಿಯದೆಯೇ ತಲೆಯಾಡಿಸಿದರು. ನೀಲಿಯ ಎದುರು ನಿಂತಾಗ ಅವರ ಮುಖದಲ್ಲಿ ಸಂತೋಷವೇ ಕಂಡಿತು. ಇಮ್ತಿಯಾಝ್‌ಗೆ ಅದನ್ನು ನೋಡಲಾಗಲಿಲ್ಲ. ಅವರು ಇನ್ನು ಮುಂದೆ ಹೋಗದಿರಲಿ, ರೈಲು ಕೆಟ್ಟು ನಿಲ್ಲಲಿ, ಕರೆಂಟಾದರೂ ಹೋಗಲಿ ಎಂದು ಅವನು ಬೇಡಿಕೊಂಡ. ಯಾವುದೂ ಆಗಲಿಲ್ಲ. ರೈಲು ಮೂಡುಬಿದಿರೆ ಮುಟ್ಟಿತು, ಹುಕ್ರಪ್ಪನವರು ಮೂಲೆ ಮುಟ್ಟಿದರು.

ಬಗ್ಗಿ ಓದಿದರು. ತೋರುಬೆರಳನ್ನು 'ದಿ.' ಮೇಲೆ ಮೆಲ್ಲನೆ ಎಳೆದರು.

"ಅಕ್ಷರ ಚಂದ ಬಂದಿದೆ," ಎಂದರು, ಇಮ್ತಿಯಾಝ್‌ಗೆ ಮಾತ್ರ ಕೇಳುವಷ್ಟು ಸ್ವರದಲ್ಲಿ.

ಆಗ ಶೆಟ್ರು ಎಲೆಯ ಎದುರು ಮಣೆ ಇಟ್ಟರು. "ಅಣ್ಣನ ಎಲೆಯಲ್ಲಿ ತಮ್ಮ ಊಟ ಮಾಡುವುದು ಸರಿ. ನೀವೇ ಕೂತ್ಕೊಳ್ಳಬೇಕು."

ಹುಕ್ರಪ್ಪನವರು ಮಣೆಯ ಮೇಲೆ ಕೂತರು. ಮೇಲೆ ಅವರ ಹೆಸರು, ಕೆಳಗೆ ಅವರಿಗೆ ಇಷ್ಟದ ಬಂಗುಡೆ. ಅವರು ತಿನ್ನುತ್ತಾರೆ, ತನ್ನ ಮಾನ ಉಳಿಸಲಿಕ್ಕೆ ಸತ್ತವರ ಎಲೆಯಲ್ಲಿ ಕೊನೆಯ ತುತ್ತಿನವರೆಗೂ ತಿಂದು, ಕೈ ತೊಳೆದು, ಸುಮ್ಮನೆ ಬಸ್ಸು ಹತ್ತಿ ಹೋಗುತ್ತಾರೆ ಎಂದು ಇಮ್ತಿಯಾಝ್‌ಗೆ ಆ ಕ್ಷಣ ಖಾತ್ರಿಯಾಯಿತು. ಅವರ ಕೈ ದೋಸೆಗೆ ಹೋಯಿತು. ಅವನು ಜನರನ್ನು ನೂಕಿಕೊಂಡು ಬಂದು ಆ ಕೈ ಹಿಡಿದ.

"ಬೇಡ ಹುಕ್ರಪ್ಪಣ್ಣ! ಆ ಎಲೆಯಲ್ಲಿ ನೀವು ಉಣ್ಬೇಡಿ!"

ಜನರೆಲ್ಲ ಅವನ ಕಡೆ ತಿರುಗಿದರು. ರೈಲೊಂದು ಮಾತ್ರ ಬಂಟ್ವಾಳದ ಕಡೆ ಹಿಂದಿರುಗುತ್ತಿತ್ತು.

"ಇವರು ತಮ್ಮ ಅಲ್ಲ ಶೆಟ್ರೇ. ಇವರೇ ಅವರು. ಸತ್ತಿಲ್ಲ. ನಾನು ಸುಳ್ಳು ಹೇಳಿದ್ದು."

"ಯಾಕೆ?" ಎಂದರು ಶೆಟ್ರು.

"ನನಗೆ ಒಂದು ಗೋಡೆ ಬೇಕಿತ್ತು. ನನ್ನ ಹೆಸರಿನದ್ದು."

ಶೆಟ್ರ ಮುಖ ಕೆಂಪಾಯಿತು. "ಬದುಕಿರುವವರಿಗೆ ನನ್ನ ಕೈಯಿಂದ ಎಲೆ ಹಾಕಿಸಿದ್ರಲ್ಲ! ನಿಮಗೆ ಮನುಷ್ಯತ್ವ ಉಂಟಾ ಮಾರಾಯ್ರೆ?" ಶಶಿಪ್ರಭಕ್ಕ ದೀಪವನ್ನು ಪಕ್ಕಕ್ಕೆ ಸರಿಸಿ, ಆ ಎಲೆಯನ್ನು ಮಡಚಿ ತೆಗೆದರು. "ಕೆಳಗೆ ಬನ್ನಿ, ಹೊಸ ಎಲೆ ಹಾಕ್ತೇನೆ," ಎಂದರು ಹುಕ್ರಪ್ಪನವರಿಗೆ.

ಹುಕ್ರಪ್ಪನವರು ಮೊಣಕಾಲಿಗೆ ಕೈಕೊಟ್ಟು ಎದ್ದರು. "ನಿಮ್ಮ ಅಜ್ಜನ ಮನೆಯಲ್ಲಿ ಆ ಪರದೆ ಬರೆಯುವಾಗ ಒಂದು ವಾರ ನನಗೆ ಅಂಗಳದ ಆಚೆ ಬಡಿಸಿದ್ದು ಶೆಟ್ರೇ. ಒಳಗೆ ಎಲೆ ಸಿಗ್ಲಿಕ್ಕೆ ಸಾಯ್ಬೇಕಾಯ್ತು ನೋಡಿ," ಎಂದು ನಕ್ಕರು. ಬೇರೆ ಯಾರೂ ನಗಲಿಲ್ಲ. ಶೆಟ್ರು ತಲೆ ತಗ್ಗಿಸಿ, ಅವರು ಎದ್ದ ಮಣೆಯನ್ನು ತಾವೇ ಎತ್ತಿಕೊಂಡರು.

ಕೆಳಗೆ ಹುಕ್ರಪ್ಪನವರು ಚೆನ್ನಾಗಿಯೇ ಊಟ ಮಾಡಿದರು, ಇನ್ನೊಂದು ಬಂಗುಡೆ ಕೇಳಿ ಹಾಕಿಸಿಕೊಂಡರು. ಇಮ್ತಿಯಾಝ್‌ನನ್ನು ಯಾರೂ ಕರೆಯಲಿಲ್ಲ. ಅವನು ಖಾಲಿ ಮಾಳಿಗೆಯಲ್ಲಿ ಹಸಿರು ಬಣ್ಣ ಕಲಸಿದ, ಸಣ್ಣ ಕುಂಚ ಹುಡುಕಿ ಮೂಲೆಯಲ್ಲಿ ಕೂತ. ಆಗ ಮೆಟ್ಟಿಲಲ್ಲಿ ಸದ್ದಾಯಿತು. ಹುಕ್ರಪ್ಪನವರು ಶೆಟ್ರ ಕೈ ಹಿಡಿದುಕೊಂಡು, ರೈಲನ್ನು ಇನ್ನೊಂದು ಸಲ ನೋಡುವ ಎಂದು ಮೇಲೆ ಬಂದಿದ್ದರು.

"ಏನು ಮಾಡ್ತಿ?" ಎಂದರು.

"ಇಲ್ಲಿ ಒಂದು ಪೊದೆ ಬರೀತೇನೆ ಹುಕ್ರಪ್ಪಣ್ಣ. ಆ ಅಕ್ಷರ ಮುಚ್ಚಿ ಹೋಗ್ತದೆ."

"ಬೇಡ."

ಅವರು ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಪರದೆಯ ಕೆಲಸ ಮುಗಿದ ದಿನ ಇಡುತ್ತಿದ್ದ ಹಾಗೆಯೇ ಇಟ್ಟರು. ಸ್ವರದಲ್ಲಿಯೂ ವ್ಯತ್ಯಾಸವಿರಲಿಲ್ಲ.

"ಹಾಗೇ ಇರ್ಲಿ ಇಮ್ತಿ. ಇವತ್ತಲ್ಲ ನಾಳೆ ಅದು ನಿಜ ಆಗ್ತದಲ್ಲ. ಆಗ ಬರೀಲಿಕ್ಕೆ ನೀನು ಮತ್ತೆ ಬರುವುದು ಬೇಡ."

ಆಮೇಲೆ ಶೆಟ್ರ ಕಡೆ ತಿರುಗಿ, ರೈಲು ಬಿಡಿ ಎಂದರು. ಶೆಟ್ರು ಸ್ವಿಚ್ ಒತ್ತಿದರು. ರೈಲು ಬಂಟ್ವಾಳದಿಂದ ಹೊರಟು, ನದಿ ದಾಟಿ, ಗಡಾಯಿಕಲ್ಲಿನ ಬುಡದಲ್ಲಿ ಹಾದು ಮೂಲೆಗೆ ಬಂತು. ಬೋಗಿಗಳು ಹೆಸರಿನ ಎದುರು ಹೋಗುವಷ್ಟು ಹೊತ್ತು ಆ 'ದಿ.' ಮರೆಯಾಯಿತು, ಹೋದ ಮೇಲೆ ಪುನಃ ಕಂಡಿತು. ಇಮ್ತಿಯಾಝ್ ಹಸಿರು ಕುಂಚ ಹಿಡಿದುಕೊಂಡೇ ಕೂತಿದ್ದ. ಹುಕ್ರಪ್ಪನವರು ಬಸ್ಸಿಗೆ ಹೊರಟಾಗ ಅವನು ಎದ್ದು ಕೈ ಹಿಡಿಯಲು ಹೋದ. ಅವರು ಗೋಡೆ ಹಿಡಿದುಕೊಂಡು ತಾವೇ ಮೆಟ್ಟಿಲಿಳಿದರು.